ಮನೆಯಲ್ಲೇ ಯಾಕಿಸೋಬಾ: ಮೊದಲು ನೂಡಲ್ಸ್ ಒಣಗಲಿ, ಬಾಣಲೆ ಕಾಯಲಿ

ಜಪಾನಿನ ಹಬ್ಬಗಳಲ್ಲಿ ಬೀದಿ ಬದಿಯ ಅಂಗಡಿಯವರು ದೊಡ್ಡ ಕಬ್ಬಿಣದ ಕಾವಲಿಯ ಮೇಲೆ, ಎರಡೂ ಕೈಯಲ್ಲಿ ಮಗುಚುವ ಕೈ ಹಿಡಿದು, ರಾಶಿ ನೂಡಲ್ಸನ್ನು ಎತ್ತಿ ಎತ್ತಿ ಹುರಿಯುತ್ತಾರಲ್ಲ, ಅದೇ ಯಾಕಿಸೋಬಾ. ಅಲ್ಲಿನ ಮನೆಗಳಲ್ಲೂ ಇದು ಮಾಮೂಲಿ ಊಟ. ನಾವೂ ಅರ್ಧ ಗಂಟೆಯಲ್ಲಿ ಮಾಡಬಹುದು. ಆದರೆ ಗಾಡಿ ಅಂಗಡಿಯ ನೂಡಲ್ಸ್ ರುಚಿ ತಲೆಯಲ್ಲಿ ಇಟ್ಟುಕೊಳ್ಳಬೇಡಿ. ಹಸಿಮೆಣಸಿನಕಾಯಿ ಬೇಡ, ಶುಂಠಿ-ಬೆಳ್ಳುಳ್ಳಿ ಪೇಸ್ಟೂ ಬೇಡ. ಇದರ ರುಚಿಯೆಲ್ಲ ಸಾಸಿನದು.

ಹಾಗಾಗಿ ಸಾಸ್ ಮೊದಲು ಕಲಸಿಡಿ, ಒಲೆ ಹಚ್ಚಿದ ಮೇಲೆ ಪುರುಸೊತ್ತು ಸಿಗೋದಿಲ್ಲ. ಇಬ್ಬರಿಗೆ ವೂಸ್ಟರ್ ಸಾಸ್ 2 ದೊಡ್ಡ ಚಮಚ, ಸೋಯಾ ಸಾಸ್, ಆಯ್ಸ್ಟರ್ ಸಾಸ್, ಟೊಮೆಟೊ ಕೆಚಪ್ ತಲಾ 1 ದೊಡ್ಡ ಚಮಚ, ಸಕ್ಕರೆ 1 ಸಣ್ಣ ಚಮಚ. ಸಸ್ಯಾಹಾರಿಗಳು ವೂಸ್ಟರ್ ಸಾಸಿನ ಬಾಟಲಿ ಮೇಲೆ ಹಸಿರು ಗುರುತು ಇದೆಯಾ ನೋಡಿಯೇ ಕೊಳ್ಳಿ, ಎಷ್ಟೋ ಬ್ರ್ಯಾಂಡ್‌ಗಳಲ್ಲಿ ಆಂಚೊವಿ ಮೀನು ಇರುತ್ತದೆ. ಆಯ್ಸ್ಟರ್ ಸಾಸಿನ ಬದಲು ಅಣಬೆಯ ಸಾಸ್ ನಡೆಯುತ್ತದೆ.

ಇನ್ನು ನೂಡಲ್ಸ್. ಜಪಾನಿನಲ್ಲಿ ಆಗಲೇ ಹಬೆಯಲ್ಲಿ ಬೇಯಿಸಿದ ಹಳದಿ ಗೋಧಿ ನೂಡಲ್ಸ್ ಪೊಟ್ಟಣದಲ್ಲಿ ಸಿಗುತ್ತದೆ. ಹಿಟ್ಟಿಗೆ ಕಾನ್ಸುಯಿ ಅನ್ನುವ ಕ್ಷಾರದ ನೀರು ಸೇರಿಸುವುದರಿಂದ ಆ ಬಣ್ಣ, ಆ ಪುಟಿತ. ನಮಗೆ 150 ಗ್ರಾಂ ಒಣ ಹಕ್ಕಾ ನೂಡಲ್ಸ್ ಸಾಕು. ಸ್ಪಾಗೆಟ್ಟಿ ಮಾತ್ರ ಇದ್ದರೆ ಕುದಿಯುವ ನೀರಿಗೆ ಸ್ವಲ್ಪ ಅಡುಗೆ ಸೋಡಾ ಹಾಕಿ ಬೇಯಿಸಿ, ಸೋಡಾ ಕೂಡ ಕ್ಷಾರವೇ, ಸುಮಾರಾಗಿ ಅದೇ ಗುಣ ಬರುತ್ತದೆ. ಪೊಟ್ಟಣದಲ್ಲಿ ಬರೆದದ್ದಕ್ಕಿಂತ ಒಂದು ನಿಮಿಷ ಮೊದಲೇ ಇಳಿಸಿ. ತಣ್ಣೀರಿನಲ್ಲಿ ತೊಳೆದು, ಚೆನ್ನಾಗಿ ಬಸಿದು, ಒಂದಿಷ್ಟು ಎಣ್ಣೆ ಸವರಿ ಅಗಲ ತಟ್ಟೆಯಲ್ಲಿ ಹತ್ತು ನಿಮಿಷ ಹರಡಿ. ಈ ಹತ್ತು ನಿಮಿಷ ಖಂಡಿತ ಉಳಿಸಬೇಡಿ. ಒದ್ದೆ ನೂಡಲ್ಸ್ ಬಾಣಲೆಗೆ ಬಿದ್ದರೆ ಮೊದಲು ಅದರ ನೀರು ಆವಿಯಾಗಬೇಕು, ಅಲ್ಲಿಯವರೆಗೆ ಅದು ಹುರಿಯುವುದೇ ಇಲ್ಲ, ಸುಮ್ನೆ ಬೆಂದು ಬೆಂದು ಮುದ್ದೆಯಾಗುತ್ತದೆ.

ಎಲೆಕೋಸು ಎರಡು ಹಿಡಿಯಷ್ಟು, ಅರ್ಧ ಈರುಳ್ಳಿ, ಅರ್ಧ ಕ್ಯಾರೆಟ್. ಕೋಸನ್ನು ಪಲ್ಯಕ್ಕೆ ಹೆಚ್ಚಿದ ಹಾಗೆ ಸಣ್ಣಗೆ ಬೇಡ, ಬೇಗ ನೀರು ಬಿಡುತ್ತದೆ. ಎರಡು ಬೆರಳು ಅಗಲದ ತುಂಡು ಮಾಡಿ. ಅಲ್ಲಿ ತೆಳ್ಳಗಿನ ಹಂದಿ ಮಾಂಸ ಹಾಕುತ್ತಾರೆ. ಕೋಳಿ, ಅಣಬೆ, ನೀರು ಹಿಂಡಿದ ತೋಫು ಯಾವುದಾದರೂ ಸರಿ, 100 ಗ್ರಾಂ.

ಕಬ್ಬಿಣದ ಬಾಣಲೆ ಇದ್ದರೆ ಅದೇ ಒಳ್ಳೆಯದು. ಚೆನ್ನಾಗಿ ಕಾಯಿಸಿ, ಒಂದು ಚಮಚ ಎಣ್ಣೆ ಬಿಟ್ಟು, ಮೊದಲು ನೂಡಲ್ಸ್ ಒಂದನ್ನೇ ಹರಡಿ. ಎರಡು ನಿಮಿಷ ಕೈ ಹಾಕಬೇಡಿ. ಅಡಿಯಲ್ಲಿ ಅಲ್ಲಲ್ಲಿ ಕಂದು ಬಣ್ಣ ಬಂದ ಮೇಲೆ ಮಗುಚಿ, ಇನ್ನೊಂದು ನಿಮಿಷ ಬಿಟ್ಟು ತೆಗೆದಿಡಿ. ಹೆಚ್ಚಿನವರು ಈ ಹಂತ ಬಿಟ್ಟುಬಿಡುತ್ತಾರೆ, ಆದರೆ ಹಬ್ಬದ ಅಂಗಡಿಯ ಆ ಸುಟ್ಟ ಘಮ ಮನೆಗೆ ಬರುವುದೇ ಇದರಿಂದ.

ಅದೇ ಬಾಣಲೆಯಲ್ಲಿ ಮಾಂಸ ಪೂರ್ತಿ ಬೇಯುವವರೆಗೆ ಹುರಿಯಿರಿ. ಆಮೇಲೆ ಈರುಳ್ಳಿ, ಕ್ಯಾರೆಟ್, ಕೊನೆಗೆ ಕೋಸು, ಉರಿ ಜೋರಾಗಿಯೇ ಇರಲಿ, ಎರಡು ನಿಮಿಷ ಸಾಕು, ಕೋಸು ಕಚ್ಚಿದರೆ ಕರುಂ ಅನ್ನಬೇಕು. ನೂಡಲ್ಸ್ ವಾಪಸ್ ಹಾಕಿ, ಸಾಸನ್ನು ಬಾಣಲೆಯ ಅಂಚಿನಿಂದ ಸುರಿದು, ಒಂದು ನಿಮಿಷ ಎತ್ತಿ ಕಲಸಿ ಇಳಿಸಿ. ನಾಲ್ಕು ಜನರಿಗೆ ಬೇಕಾದರೆ ಎರಡು ಸಲ ಮಾಡಿ. ಒಟ್ಟಿಗೆ ಸುರಿದರೆ ಮನೆ ಒಲೆಯ ಕಾವು ಸಾಲೋದಿಲ್ಲ.

ಮೇಲೆ ಆವೊನೊರಿ ಅನ್ನುವ ಕಡಲ ಪಾಚಿಯ ಪುಡಿ, ಕೆಂಪು ಶುಂಠಿ ಉಪ್ಪಿನಕಾಯಿ ಹಾಕುವುದು ರೂಢಿ. ಶುಂಠಿಯನ್ನು ಎಳೆಯಾಗಿ ಹೆಚ್ಚಿ ನಿಂಬೆರಸ, ಉಪ್ಪಿನಲ್ಲಿ ನೆನೆಸಿಟ್ಟರೂ ಆ ಖಾರ-ಹುಳಿ ಸಿಗುತ್ತದೆ. ಅಕಿತಾ ಪ್ರಾಂತ್ಯದ ಯೊಕೊತೆ ಊರಿನವರು ಇದರ ಮೇಲೆ ಅರೆಬೆಂದ ಮೊಟ್ಟೆ ಇಡುತ್ತಾರೆ, ಹಳದಿ ಒಡೆದು ಕಲಸಿಕೊಂಡು ತಿನ್ನಲು ತುಂಬಾ ರುಚಿ. ಮಿಕ್ಕಿದರೆ ಉದ್ದನೆಯ ಬನ್ ಸೀಳಿ ಒಳಗೆ ತುಂಬಿಸಿ. ಜಪಾನಿನ ಬೇಕರಿಗಳಲ್ಲಿ ಯಾಕಿಸೋಬಾ-ಪಾನ್ ಅಂತ ಮಾರುವುದು ಇದನ್ನೇ, ಮಕ್ಕಳ ಡಬ್ಬಿಗೂ ಆಗುತ್ತದೆ.