ಕಚ್ಚಾ ಎಣ್ಣೆಯಿಂದ ನೀರು ಬಿಡಿಸಲು ಅಲ್ಟ್ರಾಸೌಂಡ್: ಪವರ್ ಕಡಿಮೆ ಇಡಿ

ಬಾಗಲಕೋಟೆಯ ನವನಗರದಲ್ಲಿ ಎಂಜಿನಿಯರಿಂಗ್ ಹುಡುಗರಿಗೆ ಲ್ಯಾಬ್ ಕಲಿಸುತ್ತೇನೆ. ನಮ್ಮ ಕಡೆ ಎಣ್ಣೆ ಬಾವಿ ಇಲ್ಲ, ಸ್ಯಾಂಪಲ್ ತರಿಸಿಕೊಳ್ಳುತ್ತೇವೆ. ಆದರೂ ಈ ಪ್ರಯೋಗ ನನಗೆ ತುಂಬಾ ಇಷ್ಟ.

ಎಣ್ಣೆಯೊಳಗಿನ ನೀರಿನ ಹನಿಗೆ ಅಸ್ಫಾಲ್ಟೀನ್ (ಕಚ್ಚಾ ಎಣ್ಣೆಯಲ್ಲೇ ಇರುವ ಭಾರವಾದ ಟಾರಿನಂಥ ಅಂಶ) ಪೊರೆ ಕಟ್ಟಿರುತ್ತದೆ, ಹಾಲಿಗೆ ಕೆನೆ ಕಟ್ಟಿದ ಹಾಗೆ. ಅದಕ್ಕೇ ಹನಿಗಳು ಒಂದಕ್ಕೊಂದು ಕೂಡುವುದಿಲ್ಲ.

ಮೊದಲು ಬಿಸಿನೀರಿನ ತೊಟ್ಟಿಯಲ್ಲಿಟ್ಟು ಸುಮಾರು 60 ಡಿಗ್ರಿಗೆ ಬಿಸಿ ಮಾಡಿ. ಎಣ್ಣೆ ತೆಳುವಾಗುತ್ತದೆ. ಹತ್ತಿರ ಬೆಂಕಿ ಬೇಡವೇ ಬೇಡ, ಆವಿ ಹೊತ್ತಿಕೊಳ್ಳುತ್ತದೆ. ಆವಿಯನ್ನು ಹೊರಗೆಳೆಯುವ, ಫ್ಯಾನ್ ಹಚ್ಚಿದ ಹುಡ್ ಒಳಗೇ ಮಾಡಿ. ಡಿಮಲ್ಸಿಫೈಯರ್, ಅಂದರೆ ಆ ಪೊರೆ ಸಡಿಲಿಸಿ ಹನಿಗಳನ್ನು ಕೂಡಿಸುವ ರಾಸಾಯನಿಕ, ಇದ್ದರೆ ಸ್ವಲ್ಪ ಬೆರೆಸಿ.

ಈಗ ಅಲ್ಟ್ರಾಸೌಂಡ್, ಅಂದರೆ ಕಿವಿಗೆ ಕೇಳದಷ್ಟು ವೇಗವಾಗಿ ಕಂಪಿಸುವ ಶಬ್ದದ ಅಲೆ. 20ರಿಂದ 40 ಕಿಲೋಹರ್ಟ್ಜ್ ಸಾಕು. ಪವರ್ ಅತಿ ಕಡಿಮೆ ಇರಲಿ. ಮೆಲ್ಲನೆಯ ಅಲೆಯಲ್ಲಿ ಹನಿಗಳು ಒತ್ತಡ ಕಡಿಮೆ ಏರಿಳಿಯುವ ಜಾಗಕ್ಕೆ ಸರಿದು, ತಾಗಿ, ದೊಡ್ಡದಾಗುತ್ತವೆ. ಮೊದಲ ಸಲ ನಾನು ಪೂರ್ತಿ ಪವರ್ ಕೊಟ್ಟಿದ್ದೆ. ಜೋರಾದ ಅಲೆಗೆ ಎದ್ದ ಗುಳ್ಳೆ ಸಿಡಿದು ನೀರಿನ ಹನಿಗಳು ಇನ್ನೂ ಸಣ್ಣಗಾದವು. ರಾತ್ರಿಯಿಡೀ ಕಾದರೂ ನೀರು ಇಳಿಯಲಿಲ್ಲ, ಹುಡುಗರ ಮುಖ ನೋಡಿ ಬೇಜಾರಾಯಿತು.

ಕೆಲವು ನಿಮಿಷ ಕೊಟ್ಟು ನಿಲ್ಲಿಸಿ. ಅಲುಗಿಸದೆ ಒಂದು ಗಂಟೆ ಬಿಡಿ, ಬಿಸಿ ಆರಬಾರದು. ತಳದ ನೀರನ್ನು ತೆಗೆದು ಅಳೆಯಿರಿ. ಮೇಲಿನ ಎಣ್ಣೆಯಲ್ಲಿ ಉಳಿದ ನೀರು ಎಷ್ಟೆಂದು, ಜೋರಾಗಿ ತಿರುಗಿಸಿ ಭಾರದ್ದನ್ನು ತಳಕ್ಕೆ ಇಳಿಸುವ ಯಂತ್ರವಾದ ಸೆಂಟ್ರಿಫ್ಯೂಜ್‌ನ ಗೆರೆ ಇರುವ ಟ್ಯೂಬಿನಲ್ಲಿ ತಿರುಗಿಸಿ ನೋಡಿ.