ಅದಿರು ಲಾರಿಗಳ ವಿಡಿಯೋದಲ್ಲಿ ಒಂದೊಂದು ವಾಹನವನ್ನೂ ಹಿಂಬಾಲಿಸುವ ಬಗೆ

ಸಂಡೂರಿನಿಂದ ತೋರಣಗಲ್ಲಿನ ಕಡೆಗೆ ಹೋಗುವ ರಸ್ತೆಯ ಬದಿಯಲ್ಲಿ ಕ್ಯಾಮೆರಾ ನಿಲ್ಲಿಸಿ, ಅರ್ಧ ಗಂಟೆಯಲ್ಲಿ ಎಷ್ಟು ಅದಿರು ಲಾರಿಗಳು ಸಾಗಿದವು ಎಂಬುದನ್ನು ಕಂಪ್ಯೂಟರಿನಿಂದ ಎಣಿಸಬೇಕಾಗಿದೆ ಎಂದುಕೊಳ್ಳೋಣ. ಒಂದು ಫ್ರೇಮ್‌ನಲ್ಲಿ, ಅಂದರೆ ವಿಡಿಯೋದ ಒಂದು ಬಿಡಿ ಚಿತ್ರದಲ್ಲಿ, ಲಾರಿ ಇದೆಯೆಂದು ಗುರುತಿಸುವುದು ಈಗ ಕಷ್ಟದ ಕೆಲಸವಲ್ಲ. ಹಿಂದಿನ ಫ್ರೇಮ್‌ನಲ್ಲಿ ಕಂಡ ಲಾರಿಯೇ ಇದು ಎಂದು ತಪ್ಪದೆ ಹೇಳುವುದು ಕಷ್ಟ; ಅದು ತಪ್ಪಿದರೆ ಒಂದೇ ಲಾರಿ ಎರಡು ಮೂರು ಸಲ ಎಣಿಕೆಗೆ ಬರುತ್ತದೆ.

ಕ್ಯಾಮೆರಾವನ್ನು ಅಲುಗದಂತೆ, ಸಾಧ್ಯವಾದಷ್ಟು ಎತ್ತರದಲ್ಲಿ ಕಟ್ಟಿರಿ. ಎತ್ತರದಿಂದ ನೋಡಿದಾಗ ಒಂದು ವಾಹನ ಇನ್ನೊಂದನ್ನು ಮರೆಮಾಡುವುದು ಕಡಿಮೆಯಾಗುತ್ತದೆ.

ಕಲಿಯುವವರು ಮೊದಲು ಚಿತ್ರ, ವಿಡಿಯೋಗಳನ್ನು ಸಂಸ್ಕರಿಸುವ ಓಪನ್‌ಸಿವಿ ಎಂಬ ತಂತ್ರಾಂಶ ಸಂಗ್ರಹದಲ್ಲಿರುವ ಎಂಒಜಿ2 ಎಂಬ, ಹಿನ್ನೆಲೆಯನ್ನು ಕಳೆಯುವ ವಿಧಾನವನ್ನು ಪ್ರಯತ್ನಿಸುವುದು ಒಳ್ಳೆಯದು. ಅದು ನಿಶ್ಚಲವಾದ ದೃಶ್ಯವನ್ನು ಕಲಿತು, ಬದಲಾದ ಪಿಕ್ಸೆಲ್‌ಗಳನ್ನು ಬಿಳಿಯಾಗಿಯೂ ನೆರಳನ್ನು 127ರ (0 ಕಪ್ಪು, 255 ಬಿಳಿ) ಬೂದು ಬಣ್ಣದಲ್ಲಿಯೂ ತೋರಿಸುತ್ತದೆ. ಆದರೆ ನಮ್ಮ ಕಡೆಯ ಕೆಂಪು ಧೂಳೂ ಚಲಿಸುವ ವಸ್ತುವೇ ಆದ್ದರಿಂದ, ಲಾರಿಯ ಹಿಂದೆ ಎದ್ದ ಧೂಳಿನ ಮೋಡ ಲಾರಿಗೆ ಅಂಟಿಕೊಂಡ ಒಂದೇ ಆಕಾರವಾಗಿ ಕಾಣುತ್ತದೆ. ಹಾಗೆಯೇ ರಸ್ತೆಯ ಅಂಚಿನಲ್ಲಿ ನಿಂತು ತಾಡಪತ್ರಿ ಬಿಗಿಸಿಕೊಳ್ಳುವ ಲಾರಿ ಸ್ವಲ್ಪ ಹೊತ್ತಿನಲ್ಲೇ ಹಿನ್ನೆಲೆಯೊಳಗೆ ಕರಗಿಹೋಗುತ್ತದೆ. ಈ ರಸ್ತೆಗೆ ಇದನ್ನೊಂದೇ ನೆಚ್ಚಿಕೊಳ್ಳುವುದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ.

ಆದ್ದರಿಂದ ಚಿತ್ರದಲ್ಲಿ ವಸ್ತುಗಳನ್ನು ಗುರುತಿಸಲು ಕಲಿತಿರುವ ಯೋಲೋದಂತಹ ಮಾದರಿಯಿಂದ ಪ್ರತಿ ಫ್ರೇಮ್‌ನಲ್ಲಿಯೂ ಲಾರಿಯ ಸುತ್ತ ಚೌಕ ಪಡೆದು, ಆ ಚೌಕಗಳನ್ನು ಟ್ರ್ಯಾಕರ್‌ಗೆ, ಅಂದರೆ ಫ್ರೇಮ್‌ನಿಂದ ಫ್ರೇಮ್‌ಗೆ ಚೌಕಗಳನ್ನು ಜೋಡಿಸಿ ಪ್ರತಿ ಲಾರಿಗೂ ಒಂದು ಗುರುತಿನ ಸಂಖ್ಯೆ ಕೊಡುವ ತಂತ್ರಾಂಶಕ್ಕೆ, ಒಪ್ಪಿಸಿರಿ. 2016ರಲ್ಲಿ ಬಂದ ಸಾರ್ಟ್ ವಿಧಾನವು ಕಾಲ್ಮನ್ ಫಿಲ್ಟರ್ ಎಂಬ ಲೆಕ್ಕಾಚಾರದಿಂದ ಲಾರಿ ಮುಂದೆ ಎಲ್ಲಿರಬಹುದು ಎಂದು ಊಹಿಸಿ, ಊಹೆಯ ಚೌಕ ಮತ್ತು ಹೊಸ ಚೌಕ ಎಷ್ಟು ಒಂದರ ಮೇಲೊಂದು ಕೂರುತ್ತವೆ ಎಂದು ಅಳೆದು ಜೋಡಿ ಕಟ್ಟುತ್ತದೆ. ಗಂಟೆಗೆ 36 ಕಿ.ಮೀ. ವೇಗದ ವಾಹನ ಸೆಕೆಂಡಿಗೆ 10 ಮೀಟರ್ ಸಾಗುತ್ತದೆ. ಸೆಕೆಂಡಿಗೆ 25 ಫ್ರೇಮ್ ಇದ್ದರೆ ಎರಡು ಫ್ರೇಮ್‌ಗಳ ನಡುವೆ 40 ಸೆಂ.ಮೀ. ಮಾತ್ರ. ಅದನ್ನೇ 5 ಫ್ರೇಮ್‌ಗೆ ಇಳಿಸಿದರೆ ಅಂತರ 2 ಮೀಟರ್ ಆಗಿ, ಬದಿಯಿಂದ ನೋಡಿದ ಬೈಕೊಂದು ತನ್ನ ಉದ್ದದಷ್ಟು ದೂರ ಜಿಗಿದಂತಾಗುತ್ತದೆ. ಕೆಲಸ ಬೇಗ ಮುಗಿಯಲೆಂದು ಫ್ರೇಮ್‌ಗಳನ್ನು ಬಿಡಬೇಡಿರಿ.

ಧೂಳಿನಲ್ಲಿ ಲಾರಿ ಮಸುಕಾದಾಗ ಮಾದರಿಯ ವಿಶ್ವಾಸದ ಅಂಕ (ಇದು ಲಾರಿಯೇ ಎಂಬ ಖಚಿತತೆಯ ಅಳತೆ) ಕುಸಿಯುತ್ತದೆ, ಸಾಮಾನ್ಯ ಟ್ರ್ಯಾಕರ್ ಆ ಚೌಕವನ್ನು ಎಸೆದುಬಿಡುತ್ತದೆ. ಬೈಟ್‌ಟ್ರ್ಯಾಕ್ ಎಂಬ ಇನ್ನೊಂದು ಟ್ರ್ಯಾಕರ್ ಹಾಗೆ ಮಾಡದೆ, ಕಡಿಮೆ ಅಂಕದ ಚೌಕಗಳನ್ನೂ ಎರಡನೆಯ ಸುತ್ತಿನಲ್ಲಿ ಹಳೆಯ ಜಾಡುಗಳೊಂದಿಗೆ ಹೋಲಿಸಿ ನೋಡುತ್ತದೆ. ಬಳ್ಳಾರಿಯ ಬೇಸಿಗೆಗೆ ನಾನು ಇದನ್ನೇ ಆರಿಸುತ್ತೇನೆ. ಕಳೆದುಹೋದ ಜಾಡನ್ನು ಕಾಯುವ ಅವಧಿಯನ್ನು 30ರಿಂದ 75 ಫ್ರೇಮ್‌ಗೆ ಏರಿಸಿದರೆ ಮೂರು ಸೆಕೆಂಡಿನ ಧೂಳನ್ನು ದಾಟಬಹುದು.

ಧೂಳು ಕಡಿಮೆಯಿರುವ ಜಾಗದಲ್ಲಿ ಒಂದು ಅಡ್ಡಗೆರೆ ಎಳೆದು, ಟ್ರ್ಯಾಕರ್ ಕೊಟ್ಟ ಪ್ರತಿ ಗುರುತಿನ ಸಂಖ್ಯೆಯನ್ನೂ ಆ ಗೆರೆ ದಾಟಿದಾಗ ಒಮ್ಮೆ ಮಾತ್ರ ಎಣಿಸಿರಿ. ಬಳಿಕ ಐದು ನಿಮಿಷದ ತುಣುಕನ್ನು ಕಣ್ಣಾರೆ ನೋಡಿ, ಲಾರಿಯ ಗುರುತಿನ ಸಂಖ್ಯೆ ಬದಲಾದ ಕಡೆಯಲ್ಲೆಲ್ಲ ವಿಡಿಯೋ ನಿಲ್ಲಿಸಿ, ಕಾರಣ ಧೂಳೋ, ಮರೆಯೋ, ಬಿಟ್ಟುಹೋದ ಫ್ರೇಮೋ ಎಂದು ಬರೆದುಕೊಂಡು, ಆ ಒಂದು ಸೆಟ್ಟಿಂಗನ್ನಷ್ಟೇ ಬದಲಿಸಿ ಮತ್ತೆ ಓಡಿಸಿರಿ.