577001ನ್ನು ಒಡೆಯುವುದು ಹೇಗೆ?

ರಜೆಯಲ್ಲಿ ನಮ್ಮ ಜಗಲಿಗೆ ಲೆಕ್ಕ ಕಲಿಯಲು ಬರುವ ಮಕ್ಕಳಿಗೆ ನಾನು ಮೊದಲು ಕೊಡುವುದು ದಾವಣಗೆರೆಯ ಪಿನ್‌ಕೋಡ್. 577001 ಅವಿಭಾಜ್ಯವೇ, ಸಂಯುಕ್ತವೇ? ಮುಖ ನೋಡಿಯೇ ‘ಅವಿಭಾಜ್ಯ’ ಎಂದು ಪೆನ್ನು ಕೆಳಗಿಡುವವರೇ ಹೆಚ್ಚು. ತಪ್ಪು.

ಮೊದಲು ಗಡಿ ಹಾಕಿಕೊಳ್ಳಿ. 759ರ ವರ್ಗ 576081, 760ರದು 577600. ಸಂಖ್ಯೆ ಒಡೆಯುವುದಾದರೆ ಎರಡು ತುಂಡುಗಳಲ್ಲಿ ಚಿಕ್ಕದು ವರ್ಗಮೂಲವನ್ನು ಮೀರದು; ಹಾಗಾಗಿ 759ರೊಳಗಿನ ಅವಿಭಾಜ್ಯಗಳಿಂದ ಭಾಗಿಸಿದರೆ ಸಾಕು.

ಸಂಖ್ಯೆ ಬೆಸ, ಅಂಕಿಗಳ ಮೊತ್ತ 20, ಕೊನೆಯಲ್ಲಿ 1. ಅಲ್ಲಿಗೆ 2, 3, 5 ಹೋದವು.

7, 11, 13ನ್ನು ಒಟ್ಟಿಗೇ ಮುಗಿಸಿ. ಈ ಮೂರರ ಗುಣಲಬ್ಧ 1001. ಸಂಖ್ಯೆಯನ್ನು 577, 001 ಎಂದು ಸೀಳಿ ಕಳೆದರೆ 576. 577001 ಎಂದರೆ 577 × 1001ಕ್ಕಿಂತ 576 ಕಡಿಮೆ, ಹಾಗಾಗಿ 576ನ್ನು ಪರೀಕ್ಷಿಸಿದರೆ ಸಾಕು. ಅದರಲ್ಲಿ 2 ಮತ್ತು 3 ಬಿಟ್ಟು ಬೇರೆ ಅಪವರ್ತನವಿಲ್ಲ, ಮೂರೂ ಬಿದ್ದುಹೋದವು. ಕೊನೆಯ ಅಂಕಿಯನ್ನು ದುಪ್ಪಟ್ಟು ಮಾಡಿ ಕಳೆಯುವ 7ರ ಉಪಾಯ ನನಗೆ ಸೇರುವುದಿಲ್ಲ. ಅಷ್ಟು ಹೊತ್ತಿಗೆ ನೇರವಾಗಿ ಭಾಗಿಸಬಹುದು.

17ಕ್ಕೆ ಶೇಷ 4, 19ಕ್ಕೆ 9. 23ಕ್ಕೆ ಶೇಷವೇ ಇಲ್ಲ! ಭಾಗಲಬ್ಧ 25087.

ಎಲ್ಲರೂ ಎಡವುವುದು ಇಲ್ಲಿ. ಕೆಲವರು ಇಷ್ಟಕ್ಕೇ ಸಂಭ್ರಮಿಸಿ ನಿಲ್ಲಿಸುತ್ತಾರೆ. ಕೆಲವರು ಮತ್ತೆ 2ರಿಂದ ಶುರುಮಾಡುತ್ತಾರೆ. ದೊಡ್ಡದನ್ನು ಭಾಗಿಸದ 2 ಅದರ ತುಂಡನ್ನು ಹೇಗೆ ಭಾಗಿಸೀತು? ಇನ್ನು ಕೆಲವರು ಹಳೆಯ ಗಡಿ 759ನ್ನೇ ಹಿಡಿದು ಬೆವರುತ್ತಾರೆ. ಈಗ ಲೆಕ್ಕ 25087ರದು, ಅದರ ವರ್ಗಮೂಲ 158ರ ಆಸುಪಾಸು. ಆದ್ದರಿಂದ 23ರಿಂದ 157ರವರೆಗೆ 29 ಅವಿಭಾಜ್ಯಗಳು ಮಾತ್ರ. 23ನ್ನು ಬಿಡಬೇಡಿ, ಅದೇ ಅಪವರ್ತನ ಎರಡು ಸಲ ಬರಬಹುದು. ಇಲ್ಲಿ ಬರುವುದಿಲ್ಲ, ಶೇಷ 17.

113 ಬಂದಾಗ ಕಣ್ಣು ತೆರೆದಿರಲಿ. ಮೊಬೈಲ್ 222.0088 ಎಂದು ತೋರಿಸಿದರೆ ಮಕ್ಕಳು ಮೊದಲೆರಡು ಸೊನ್ನೆ ಕಂಡೊಡನೆ ‘ಭಾಗವಾಯಿತು’ ಎನ್ನುತ್ತಾರೆ. ತಿರುಗಿ ಗುಣಿಸಿ ನೋಡಿ: 25086. ಒಂದು ಉಳಿಯಿತು. ಅದಕ್ಕೇ ನಾನು ಮೊಬೈಲ್ ಕಿತ್ತಿಟ್ಟು, ಮಂಡಕ್ಕಿ ಕಟ್ಟಿದ ಕಾಗದದ ಹಿಂಬದಿಯಲ್ಲೇ ಮಾಡಿಸುವುದು. ಅವಿಭಾಜ್ಯಗಳ ಪಟ್ಟಿಯನ್ನೂ ಎರಟೋಸ್ತನೀಸನ ಜರಡಿಯಿಂದ, ಅಂದರೆ ಸಂಖ್ಯೆಗಳನ್ನು ಸಾಲಾಗಿ ಬರೆದು ಪ್ರತಿ ಅವಿಭಾಜ್ಯದ ಮುಂದಿನ ಗುಣಕಗಳನ್ನು ಹೊಡೆದುಹಾಕುತ್ತಾ, ನೀವೇ ಸೋಸಿಕೊಳ್ಳಿ. ನಾನು ಕೊಂಡಿದ್ದ ಅಗ್ಗದ ಕೋಷ್ಟಕವೊಂದರಲ್ಲಿ 119, 133 ಕೂಡ ಅವಿಭಾಜ್ಯಗಳ ಸಾಲಿನಲ್ಲಿ ಕುಳಿತಿದ್ದವು!

ಆ 29 ಅವಿಭಾಜ್ಯಗಳಲ್ಲಿ ಒಂದೂ ಭಾಗಿಸುವುದಿಲ್ಲ. 25087 ಅವಿಭಾಜ್ಯ.

ಉಳಿದದ್ದು ಸಲೀಸು. 577001 = 23 × 25087, ಅಂದರೆ ಎರಡೇ ಅವಿಭಾಜ್ಯಗಳ ಗುಣಲಬ್ಧ. ಭಾಜಕಗಳು ನಾಲ್ಕು. ತನ್ನನ್ನು ಬಿಟ್ಟು ಉಳಿದವನ್ನು ಕೂಡಿದರೆ 25111, ತನಗಿಂತ ಬಹಳ ಕಡಿಮೆ; ಇದು ಕೊರತೆಯ ಸಂಖ್ಯೆ. ಪಕ್ಕದ ಪಿನ್‌ಕೋಡ್ 577002 ತದ್ವಿರುದ್ಧ. ಅದು 6ರಿಂದ ಭಾಗವಾಗುವುದರಿಂದ ಅದರ ಅರ್ಧ, ಮೂರನೇ ಒಂದು, ಆರನೇ ಒಂದು ಭಾಗ ಸೇರಿದರೇ ಅದು ಪೂರ್ತಿಯಾಗುತ್ತದೆ. ಮೇಲೆ ಭಾಜಕ 1 ಕೂಡಿತೆಂದರೆ ತುಂಬಿ ಚೆಲ್ಲುವ ಲೆಕ್ಕ.

ಚಿತ್ರದುರ್ಗದವರು 577501 ಹಿಡಿದು ಕೂರಬಹುದು. ಸೀಳಿ ಕಳೆದರೆ 76, ಅಲ್ಲಿಗೆ 7, 11, 13 ಇಲ್ಲ. 76ರಲ್ಲಿ 19 ಇದೆಯೆಂದು ಹಿಗ್ಗಬೇಡಿ, ಸೀಳುವ ಉಪಾಯ ಆ ಮೂರಕ್ಕೆ ಮಾತ್ರ. 19ರಿಂದ ಭಾಗಿಸಿದರೆ 15 ಉಳಿಯುತ್ತದೆ.